ಅಜ್ಜಿಗಡಲು

ಒಕ್‌ಸುನ್ ಸತ್ತ ಸುದ್ದಿ ಬಂದಾಗ ಯೊನ್ಹಾ ತನ್ನ ಕಚೇರಿಯಲ್ಲಿ ಆ ಮುದುಕಿಯ ಫೋಟೊದ ಕೆಳಗೇ ಕೂತು ಬಾರ್ಲಿ ಚಹಾ ಕುಡಿಯುತ್ತಿದ್ದಳು. ಪತ್ರಿಕೆಯವರು ತೆಗೆದ ಫೋಟೊ. ಕೋರ್ಟಿನ ಮೆಟ್ಟಿಲ ಮೇಲೆ ಎಂಬತ್ತಮೂರರ ಒಕ್‌ಸುನ್, ಕುಸ್ತಿ ಗೆದ್ದವನ ಕೈ ಎತ್ತಿದ ಹಾಗೆ ತನ್ನ ವಕೀಲೆ ಯೊನ್ಹಾಳ ಕೈಯನ್ನು ಎತ್ತಿ ಹಿಡಿದಿದ್ದಳು. ಬಾಯಲ್ಲಿ ಉಳಿದಿದ್ದ ನಾಲ್ಕೂ ಹಲ್ಲು ಕಾಣುವಂತೆ ನಗುತ್ತಿದ್ದಳು. ಆ ಗೆಲುವಿಗೆ ಇನ್ನೂ ಐದು ತಿಂಗಳು ತುಂಬಿರಲಿಲ್ಲ.

ಫೋನು ಮಾಡಿದವಳು ಮಲ್ಜಾ, ನಮ್ಮ ಸೊಲ್ಗೆ ಊರಿನ ಕಡಲ ಸಂಘದ ಅಧ್ಯಕ್ಷೆ. ಅದೇ ಕೇಸಿನಲ್ಲಿ ಸೋತವಳು. ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ. ಒಕ್‌ಸುನ್ ಸಂಚುನ್ ಹೋದಳು, ಬಾ ಎಂದಷ್ಟೇ ಹೇಳಿ ಫೋನಿಟ್ಟಳು.

ನಮ್ಮ ಜೇಜು ದ್ವೀಪದಲ್ಲಿ ಹಿರಿಯರು ಗಂಡಾಗಲಿ ಹೆಣ್ಣಾಗಲಿ, ನೆಂಟರಾಗಲಿ ಅಲ್ಲದಿರಲಿ, ಸಂಚುನ್ ಎಂದೇ ಕರೆಯುವುದು. ಆದರೆ ಯೊನ್ಹಾಳ ಪಾಲಿಗೆ ಒಕ್‌ಸುನ್ ಬರೀ ಕರೆಯುವ ಸಂಚುನ್ ಆಗಿರಲಿಲ್ಲ. ಯೊನ್ಹಾಳ ಅಮ್ಮನೂ ಒಕ್‌ಸುನ್‌ಳೂ ಉಸಿರು ಬಿಗಿಹಿಡಿದು ಮುಳುಗಿ ಶಂಖ, ಚಿಪ್ಪು ತರಲು ಜೋಡಿಯಾಗಿ ಕಡಲಿಗೆ ಇಳಿಯುತ್ತಿದ್ದವರು. ಒಬ್ಬಳು ಮುಳುಗಿದರೆ ಇನ್ನೊಬ್ಬಳು ಮೇಲೆ ಕಾಯುವುದು, ಹಾಗೆ ಇಪ್ಪತ್ತು ವರ್ಷ. ಯೊನ್ಹಾಳಿಗೆ ಹನ್ನೆರಡಾದಾಗ ಅಮ್ಮ ಕಾಯಿಲೆ ಬಿದ್ದು ತೀರಿಕೊಂಡಳು. ಆವತ್ತಿನಿಂದ ಹುಡುಗಿ ಪಟ್ಟಣಕ್ಕೆ ಓದಲು ಹೋಗುವವರೆಗೂ ದಿನಾ ಸಂಜೆ ಉಂಡದ್ದು ಒಕ್‌ಸುನ್‌ಳ ಮನೆಯ ಬಾರ್ಲಿ ಅನ್ನವನ್ನೇ.

ಓದಿ ದೊಡ್ಡವಳಾದ ಯೊನ್ಹಾ ಮಾನವ ಹಕ್ಕುಗಳ ವಕೀಲೆಯಾದಳು. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದಳು. ಸುಳ್ಳು ಕೇಸಿನಲ್ಲಿ ಜೈಲು ಕಂಡ ಮುದುಕರಿಗೆ ಮರುವಿಚಾರಣೆ ಕೊಡಿಸಿದಳು. ಹಡಗು ಹತ್ತಿ ಬಂದ ಪರದೇಶದವರನ್ನು ವಾಪಸು ಅಟ್ಟದಂತೆ ತಡೆದಳು. ಅವಳ ಕೆಲಸದ ಗುಟ್ಟು ಒಂದೇ. ಕಕ್ಷಿದಾರರು ಬಂದು ಎದೆಯಲ್ಲಿದ್ದುದನ್ನೆಲ್ಲ ತೋಡಿಕೊಳ್ಳುತ್ತಾರೆ. ಅದನ್ನು ಪೂರ್ತಿ ಬರೆದುಕೊಂಡು, ಆಮೇಲೆ ಕೆಂಪು ಪೆನ್ಸಿಲು ಹಿಡಿದು, ಗೆಲ್ಲಲು ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದಕ್ಕೆ ಗೀಟು ಎಳೆಯುವುದು. ಅವಳಷ್ಟು ಚೊಕ್ಕವಾಗಿ ಹೇಳಿಕೆ ಕತ್ತರಿಸುವವರು ದ್ವೀಪದಲ್ಲೇ ಇಲ್ಲ ಎಂದು ಎದುರು ವಕೀಲರೇ ಒಪ್ಪುತ್ತಿದ್ದರು.

ಹಿಂದಿನ ವರ್ಷ ಮಲ್ಜಾ ಸಂಘದಲ್ಲಿ ಹೊಸ ನಿಯಮ ತಂದಳು. ಎಪ್ಪತ್ತು ದಾಟಿದವರು ಇನ್ನು ಕಡಲಿಗೆ ಇಳಿಯಕೂಡದು. ಮಲ್ಜಾ ಕೆಟ್ಟವಳಲ್ಲ. ಆಚೀಚೆ ಊರುಗಳಲ್ಲಿ ಒಬ್ಬೊಬ್ಬರಾಗಿ ಮುದುಕಿಯರ ಹೆಣ ತೇಲಿಬರುತ್ತಿದ್ದುದನ್ನು ಕಂಡು ಅವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು, ಅಷ್ಟೇ. ಎಪ್ಪತ್ತು ದಾಟಿದವರು ಊರಲ್ಲಿ ಹನ್ನೊಂದು ಜನ. ಹತ್ತು ಮಂದಿ ಗೊಣಗಿಕೊಂಡು ಮನೆಯಲ್ಲಿ ಕೂತರು. ಒಕ್‌ಸುನ್ ಮಾತ್ರ ಬಸ್ಸು ಹತ್ತಿದಳು. ರಬ್ಬರ್ ಚಪ್ಪಲಿಯಲ್ಲೇ ಬಂದು ಯೊನ್ಹಾಳ ಮೇಜಿನ ಮುಂದೆ ನಿಂತಳು.

"ಅರವತ್ತೈದು ವರ್ಷದಿಂದ ಕಡಲಿಗೆ ಇಳಿದೋಳು ನಾನು," ಎಂದಳು. "ಈಗ ಮಲ್ಜಾ ಬಂದು ಬಾಗಿಲು ಹಾಕ್ತಾಳಂತೆ. ಕಡಲಿಗೆ ಬಾಗಿಲಿದ್ಯೇನೇ?"

ಯೊನ್ಹಾ ಕೇಸು ಹಿಡಿದಳು. ವಯಸ್ಸಾಯಿತೆಂದು ದುಡಿಯುವ ಹಕ್ಕು ಕಸಿಯುವುದು ಅನ್ಯಾಯ ಎಂಬುದು ಅವಳ ವಾದ. ಆದರೆ ಬರೀ ಹಕ್ಕಿನ ಮಾತಿಗೆ ನ್ಯಾಯಾಧೀಶರು ಬಗ್ಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಜ್ಜಿಯರ ಪ್ರಾಣಕ್ಕೆ ಅಪಾಯವಿಲ್ಲವೆಂದೂ ತೋರಿಸಬೇಕಿತ್ತು. ಅದಕ್ಕೆ ಅವಳು ಮುಂದಿಟ್ಟದ್ದು ಅಜ್ಜಿಗಡಲನ್ನು.

ನಮ್ಮೂರಲ್ಲಿ ದಡಕ್ಕೆ ಅಂಟಿಕೊಂಡ ಪಟ್ಟಿಯಷ್ಟು ಕಡಲನ್ನು ಎಪ್ಪತ್ತು ದಾಟಿದವರಿಗೆಂದು ಬಿಟ್ಟಿದ್ದೇವೆ. ಎದೆಮಟ್ಟದ ನೀರು, ಹೆಚ್ಚೆಂದರೆ ಎರಡಾಳು. ಅಲ್ಲಿನ ಶಂಖ, ಚಿಪ್ಪು, ಪಾಚಿ ಎಲ್ಲ ಅಜ್ಜಿಯರದು. ಕಿರಿಯ ಹೆಂಗಸರು ಆಳದ ಕಡಲಿಗೆ ಹೋಗುವಾಗ ಅದರ ಮೇಲೆಯೇ ಹಾಯಬೇಕು. ಆಗ ಒಬ್ಬಳೂ ನೀರೊಳಗೆ ಮುಖ ಹಾಕುವುದಿಲ್ಲ. ಹಿಡಿದದ್ದನ್ನು ಹಾಕುವ ಬಲೆ ಕಟ್ಟಿದ ತೇಲುಬುರುಡೆ ತಬ್ಬಿಕೊಂಡು, ಗಲ್ಲ ಮೇಲೆತ್ತಿ, ಆಕಾಶ ನೋಡಿಕೊಂಡು ದಾಟುತ್ತಾರೆ. ಅಜ್ಜಿಯ ಊಟದ ಬಟ್ಟಲಿಗೆ ಇಣುಕುವವಳು ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ದಡಕ್ಕೆ ಹತ್ತಿರದ, ಆಳವಿಲ್ಲದ, ತುಂಬಿದ ಕಡಲೊಂದು ಇವರಿಗೆಂದೇ ಕಾದಿರುವಾಗ ಭಯವೆಲ್ಲಿಯದು ಎಂದು ಯೊನ್ಹಾ ಕೇಳಿದಳು. ಹೊರಗಿನಿಂದ ಬಂದ ನ್ಯಾಯಾಧೀಶರು ಆ ಪದ್ಧತಿಯನ್ನು ಎರಡೆರಡು ಸಲ ಹೇಳಿಸಿ ಕೇಳಿದರು. "ತುಂಬಿದ ಕಡಲು" ಎಂಬ ಅವಳ ಮಾತನ್ನೇ ತೀರ್ಪಿನಲ್ಲಿ ಬರೆದು ನಿಯಮವನ್ನು ರದ್ದು ಮಾಡಿದರು.

ಈಗ ಒಕ್‌ಸುನ್ ಸತ್ತಿದ್ದಳು. ಸತ್ತದ್ದು ಅಜ್ಜಿಗಡಲಲ್ಲಿ ಅಲ್ಲ. ಕರಿಮೂಗು ಬಂಡೆಯ ಆಚೆ, ಗಟ್ಟಿ ಉಸಿರಿನ ಪ್ರಾಯದ ಹೆಂಗಸರಷ್ಟೇ ಇಳಿಯುವ ಎಂಟಾಳು ನೀರಿನಲ್ಲಿ. ಚಿಪ್ಪು ಎಬ್ಬಿಸುವ ಕಬ್ಬಿಣದ ಪಟ್ಟಿಯನ್ನು ದೊಡ್ಡದೊಂದು ಚಿಪ್ಪಿನಡಿ ತೂರಿಸಿದ್ದಳು. ಒಳಗೆ ಜೀವವಿದ್ದ ಚಿಪ್ಪು ಬಂಡೆಗೆ ಕಚ್ಚಿ ಕೂತು ಪಟ್ಟಿಯನ್ನು ಬಿಟ್ಟಿರಲಿಲ್ಲ. ಪಟ್ಟಿಯ ಕುಣಿಕೆ ಮಣಿಕಟ್ಟಿನಲ್ಲಿತ್ತು. ಕುಣಿಕೆ ಕಳಚಿ ಮೇಲೆ ಬರುವುದನ್ನು ಊರಿನ ಅರ್ಧ ಹೆಂಗಸರಿಗೆ ಕಲಿಸಿದವಳೇ ಒಕ್‌ಸುನ್. ಆದರೆ ಎಂಬತ್ತಮೂರರ ಬೆರಳು, ನವೆಂಬರಿನ ನೀರು. ಪೊಲೀಸರು ವೃದ್ಧಾಪ್ಯ, ಉಸಿರುಕಟ್ಟಿ ಸಾವು ಎಂದು ಒಂದು ಸಾಲು ಗೀಚಿ ಕೈತೊಳೆದುಕೊಂಡರು.

ಹೆಣ ಮನೆಗೆ ಹೋದ ಮೇಲೆ ಹೆಂಗಸರೆಲ್ಲ ಬೆಂಕಿಕಟ್ಟೆಯಲ್ಲಿ ಕೂತಿದ್ದರು. ಕಡಲಿಂದ ಬಂದು ಮೈ ಕಾಯಿಸಿಕೊಳ್ಳಲು ಕಲ್ಲು ಜೋಡಿಸಿ ಕಟ್ಟಿದ ದುಂಡನೆ ಜಾಗ ಅದು. ಗಾಳಿ ಬೀಸದ ಕಡೆ, ಬೆಂಕಿಗೆ ಹತ್ತಿರ, ಒಕ್‌ಸುನ್‌ಳ ಜಾಗ ಖಾಲಿಯಿತ್ತು. ಯೊನ್ಹಾ ಒಳಗೆ ಬಂದಾಗ ಯಾರೂ ಸರಿದು ಜಾಗ ಕೊಡಲಿಲ್ಲ.

"ನಾನು ಬಾಗಿಲು ಹಾಕಿದ್ದು ಇದಕ್ಕೇ," ಎಂದಳು ಮಲ್ಜಾ, ಬೆಂಕಿ ನೋಡುತ್ತಲೇ. "ನೀನು ಕೋರ್ಟಿನ ಕಾಗದ ತಂದು ತೆಗೆದೆ. ಆ ಕಾಗದ ಹಿಡ್ಕೊಂಡೇ ಹೋದ್ಲು ಅವಳು. ಗೆದ್ಯಲ್ಲ, ಫೋಟೊ ಚೆನ್ನಾಗಿ ಬಂದಿದೆ."

ಯೊನ್ಹಾ ಕಲ್ಲಿನ ಗೋಡೆಗೆ ಒರಗಿ ನಿಂತೇ ಕೇಳಿಸಿಕೊಂಡಳು. ಮಲ್ಜಾ ಹೇಳಿದ್ದು ನಿಜವಾದರೆ ಅನ್ನ ಹಾಕಿದವಳನ್ನು ತನ್ನ ಕೈಯಾರೆ ಕೊಂದಂತಾಯಿತು. ಆದರೂ ಒಂದು ಮಾತು ಒಳಗೇ ಕೊರೆಯುತ್ತಿತ್ತು. ಅಜ್ಜಿಗಡಲು ಇರುವಾಗ ಆಕೆ ಅಷ್ಟು ದೂರ ಹೋದದ್ದೇಕೆ? ಒಕ್‌ಸುನ್ ದುರಾಸೆಯವಳಲ್ಲ. ಇನ್ನೊಂದು ಚಿಪ್ಪು ಎಂದು ಆಸೆಪಟ್ಟು ಉಸಿರು ಮೀರಿದವಳನ್ನು ಕಡಲು ಬಿಡುವುದಿಲ್ಲವೆಂದು ಹೇಳಿಕೊಟ್ಟವಳು.

ಏಳನೆಯ ದಿನ ದಡದಲ್ಲಿ ಪೂಜೆ ನಡೆಯಿತು. ಕಡಲಲ್ಲಿ ಸತ್ತವರ ಜೀವವನ್ನು ನೀರಿಂದ ಕರೆದು ಮೇಲೆ ತರುವ ಪೂಜೆ. ದೇವರು ಮೈದುಂಬುವ ಮುದುಕಿ ಬಿಳಿ ಬಟ್ಟೆಯನ್ನು ಅಲೆಗೆ ಬಿಟ್ಟು ಎಳೆದು, ಸತ್ತವಳ ಬಾಯಾಗಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಕಾಲು ಥಂಡಿ ಅಂದಳು. ಮಗನಿಗೆ ಕುಡಿಯುವುದು ಬಿಡು ಅಂದಳು. ಬೆಂಕಿಕಟ್ಟೆಯ ಕಲ್ಲು ಸಡಿಲಾಗಿದೆ, ಚಳಿಗಾಲಕ್ಕೆ ಮೊದಲು ಸರಿ ಮಾಡಿಸು ಎಂದು ಮಲ್ಜಾಳಿಗೂ ಹೇಳಿದಳು. ಮಲ್ಜಾ ಆಗಲಿ ಸಂಚುನ್ ಎಂದು ಅತ್ತಳು.

ಯೊನ್ಹಾ ಕೈಜೋಡಿಸಿ ಕಾದಳು. ಬೈಗುಳವಾದರೂ ಸರಿ, ಶಾಪವಾದರೂ ಸರಿ, ಒಂದು ಮಾತು ಬರಲಿ ಎಂದು ಹಂಬಲಿಸಿದಳು. ಅವಳ ಹೆಸರು ಬರಲೇ ಇಲ್ಲ. ಬಟ್ಟೆ ಮಡಿಸಿಟ್ಟು ಪೂಜೆ ಮುಗಿಸಿದರು.

ಮರುದಿನ ಬೆಳಿಗ್ಗೆ ಅವಳು ಮಲ್ಜಾಳ ಮನೆಗೆ ಹೋದಳು. ತನ್ನನ್ನು ಅಜ್ಜಿಗಡಲಿಗೆ ಕರೆದುಕೊಂಡು ಹೋಗಬೇಕೆಂದು ಕೇಳಿದಳು. ಯೊನ್ಹಾಳಿಗೆ ಈಜು ಅಷ್ಟಕ್ಕಷ್ಟೇ. ಈ ಬಾಳು ನನ್ನ ಮಗಳಿಗೆ ಬೇಡವೆಂದು ಅಮ್ಮ ನೀರಿಗೇ ಬಿಟ್ಟಿರಲಿಲ್ಲ. ಮಲ್ಜಾ ಮೂಗು ಮುರಿದಳು.

"ನಂಗಿನ್ನೂ ಅರವತ್ನಾಲ್ಕು. ಅಲ್ಲಿ ತಲೆ ಹಾಕೋಕೆ ಇನ್ನೂ ಆರು ವರ್ಷ ಇದೆ. ಆಚಾರ ಮರ್ತುಬಿಟ್ಯಾ, ಪಟ್ಣ ಸೇರಿ?"

"ಮರೆತಿಲ್ಲ ಸಂಚುನ್. ಸತ್ತೋಳು ಯಾಕೆ ತನ್ನ ಬಟ್ಟಲು ಬಿಟ್ಟು ಎದ್ದುಹೋದ್ಲು ಅಂತ ನೋಡ್ಬೇಕು. ನೀವು ಬರದಿದ್ರೆ ಒಬ್ಳೇ ಇಳೀತೀನಿ."

ಒಬ್ಬಳೇ ಇಳಿದರೆ ಇವಳದೂ ಹೆಣ ತೆಗೆಯಬೇಕಾಗುತ್ತದೆಂದು ಬೈದುಕೊಳ್ಳುತ್ತಾ ಮಲ್ಜಾ ರಬ್ಬರ್ ಉಡುಪು ಏರಿಸಿದಳು. ಇಬ್ಬರೂ ಒಂದೇ ತೇಲುಬುರುಡೆ ಹಿಡಿದು ನೀರಿಗೆ ಸರಿದರು. ಅಭ್ಯಾಸ ಬಲದಿಂದ ಮಲ್ಜಾ ಗಲ್ಲ ಮೇಲೆತ್ತಿದಳು. ಆಮೇಲೆ ನೆನಪಿಸಿಕೊಂಡು, ತಪ್ಪಾಯ್ತು ಎಂದು ಯಾರಿಗೋ ಹೇಳಿ, ಮುಖವನ್ನು ನೀರೊಳಗೆ ಹಾಕಿದಳು.

ಯೊನ್ಹಾಳೂ ನೋಡಿದಳು. ಕೆಳಗೆ ಎಲ್ಲ ಬೆಳ್ಳಗಿತ್ತು. ಸುಣ್ಣ ಬಳಿದ ಹಾಗೆ ಬಂಡೆ ಬಂಡೆಯೂ ಬೋಳು. ಅವಳ ಅಮ್ಮ ಹೇಳುತ್ತಿದ್ದ ಗಮ್ತೆ, ಆ ಕಂದು ಬಣ್ಣದ ಅಗಲ ಎಲೆಯ ಪಾಚಿ, ಒಂದು ಕಡ್ಡಿಯೂ ಇಲ್ಲ. ಪಾಚಿ ಇಲ್ಲದ ಮೇಲೆ ಶಂಖ ಎಲ್ಲಿಂದ, ಚಿಪ್ಪು ಎಲ್ಲಿಂದ? ಬಿಳಿ ಕಲ್ಲಿನ ಮೇಲೆ ಬಿಸಿಲು ಕುಣಿಯುತ್ತಿತ್ತು, ಅಷ್ಟೇ.

ಮಲ್ಜಾ ಎಷ್ಟು ಹೊತ್ತಾದರೂ ಮುಖ ಎತ್ತಲಿಲ್ಲ. ಯೊನ್ಹಾ ಹೆದರಿ ಭುಜ ಹಿಡಿದು ಎಳೆದಳು. ನಮ್ಮ ಹೆಂಗಸರು ನೀರಿಂದೆದ್ದಾಗ ಉಸಿರು ಸಿಳ್ಳೆಯಾಗಿ ಬರುತ್ತದೆ. ಮಲ್ಜಾಳಿಗೆ ಅದೂ ಬರಲಿಲ್ಲ.

"ಏನೂ ಇಲ್ಲ ಕಣೇ," ಎಂದಳು.

ದಡದ ಕಲ್ಲಿನ ಮೇಲೆ ಕುಸಿದು ಕೂತು ಎದೆ ಎದೆ ಬಡಿದುಕೊಂಡಳು. ಮೂವತ್ತೈದು ವರ್ಷ ಮೇಲೆ ನೋಡಿಕೊಂಡೇ ದಾಟಿದೆನಲ್ಲಾ ಎಂದು ಹಲುಬಿದಳು. ಬೇರೆ ಊರಿನವರಾಗಿದ್ದರೆ ಎಂದೋ ಇಣುಕಿ ನೋಡಿರುತ್ತಿದ್ದರು. ನಾವು ಮರ್ಯಾದಸ್ಥರು, ನೋಡಲಿಲ್ಲ. ನಮ್ಮ ಮರ್ಯಾದೆಯ ಕೆಳಗೇ ಅಜ್ಜಿಯರ ಕಡಲು ಸತ್ತು ಬೆಳ್ಳಗಾಗಿತ್ತು.

ಹಾಗಾದರೆ ಅಜ್ಜಿಯರಾದರೂ ಏಕೆ ಹೇಳಲಿಲ್ಲ? ಉಳಿದ ಹತ್ತು ಮಂದಿಯ ಮನೆಗೂ ಯೊನ್ಹಾ ಹೋದಳು. ಮೊದಲು ಬಾಯಿಬಿಟ್ಟವಳು ಬೊಕ್ಹಿ, ತೊಂಬತ್ತಕ್ಕೆ ಒಂದು ಕಡಿಮೆ.

"ಕಲ್ಲು ಬೆಳ್ಳಗೆ ಕಾಣ್ಸಿದ್ರೆ, ನನ್ನ ಕಣ್ಣಿಗೇ ಪೊರೆ ಬಂತು ಅಂದ್ಕೊಂಡೆ ತಾಯಿ," ಎಂದಳು ಬೊಕ್ಹಿ. "ಕೈಗೆ ಏನೂ ಸಿಗದಿದ್ರೆ ಕೈಯೇ ಮುದಿಯಾಯ್ತು ಅಂತ. ಹೇಳಿದ್ರೆ ಮನೇಲಿ ಕೂರಿಸ್ತಾರಲ್ಲ. ಪಕ್ಕದೋಳ ಬಲೆ ತುಂಬಿರೋದು, ನಂದೊಂದೇ ಹೀಗೆ ಅಂತ ಸುಮ್ನಾದೆ."

ಪಕ್ಕದವಳ ಬಲೆಯೂ ಖಾಲಿಯೇ ಇತ್ತು. ಆದರೆ ಆಳದಿಂದ ಮರಳುವ ಪ್ರಾಯದವರು ದಾರಿಯಲ್ಲಿ ಮುದುಕಿಯರ ಬಲೆಗೆ ತಮ್ಮ ಪಾಲಿನಿಂದ ಒಂದೊಂದು ಹಿಡಿ ಶಂಖ ಹಾಕಿಹೋಗುವುದು ನಮ್ಮ ರೂಢಿ. ಹಾಗಾಗಿ ದಡಕ್ಕೆ ಬರುವಾಗ ಎಲ್ಲರ ಬಲೆಯೂ ಅಷ್ಟಿಷ್ಟು ತುಂಬಿರುತ್ತಿತ್ತು. ಹತ್ತು ಮಂದಿಯೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ನಾಚಿಕೆಯನ್ನು ನುಂಗಿಕೊಂಡಿದ್ದರು. ಒಕ್‌ಸುನ್ ಮಾತ್ರ ಯಾರ ಹಿಡಿಯನ್ನೂ ಮುಟ್ಟುತ್ತಿರಲಿಲ್ಲ. ಹಾಕಿದರೆ ತೆಗೆದು ನೀರಿಗೆಸೆಯುತ್ತಿದ್ದಳು. ಒಂದು ಕಾಲಕ್ಕೆ ಊರಿನಲ್ಲೇ ಎಲ್ಲರಿಗಿಂತ ಉದ್ದ ಉಸಿರು ಹಿಡಿಯುತ್ತಿದ್ದವಳು. ದಾನ ತಗೊಳ್ಳುವ ಜಾತಿಯಲ್ಲ. ಬಲೆ ತುಂಬಬೇಕೆಂದರೆ ಆಕೆಗೆ ಕರಿಮೂಗು ಬಂಡೆಯ ಆಚೆ ಹೋಗುವುದೊಂದೇ ದಾರಿ ಉಳಿದಿತ್ತು.

ಯೊನ್ಹಾ ವಿಶ್ವವಿದ್ಯಾಲಯದ ಕಡಲ ವಿಭಾಗಕ್ಕೆ ಅಲೆದಳು. ಅಲ್ಲಿನವರಿಗೆ ಆಶ್ಚರ್ಯವೇನೂ ಆಗಲಿಲ್ಲ. ನೀರು ವರ್ಷ ವರ್ಷಕ್ಕೂ ಬಿಸಿಯಾಗುತ್ತಿದೆ, ಪಾಚಿ ಬೆಂದು ಸಾಯುತ್ತದೆ, ಆಮೇಲೆ ಕಲ್ಲಿನ ಮೇಲೆ ಈ ಬಿಳಿ ಕೂರುತ್ತದೆ ಎಂದರು. ಆಳದ ಕಡಲಿನ ನಕ್ಷೆ ಅವರ ಬಳಿ ಇತ್ತು. ದಡದ ಪಟ್ಟಿಯದು ಇರಲಿಲ್ಲ. ಸಂಘದವರು ಅಲ್ಲಿ ಯಾರನ್ನೂ ಇಳಿಯಗೊಟ್ಟಿರಲಿಲ್ಲವಲ್ಲ. ಆ ಕಡಲು ಯಾವಾಗ ಸಾಯಲು ಶುರುವಾಯಿತು, ಎಷ್ಟು ದಿನ ನರಳಿತು ಎಂದು ಬಲ್ಲವರು ಭೂಮಿಯ ಮೇಲೆ ಹತ್ತು ಮುದುಕಿಯರು ಮಾತ್ರ. ಹತ್ತರಲ್ಲಿ ಇಬ್ಬರಿಗೆ ಅರಳುಮರಳು ಶುರುವಾಗಿತ್ತು.

ಅವಳು ಕೈಯಲ್ಲಿದ್ದ ಕೇಸುಗಳನ್ನು ಜೊತೆಯ ವಕೀಲರಿಗೆ ಒಪ್ಪಿಸಿ ಸೊಲ್ಗೆಗೆ ಬಂದು ಒಕ್‌ಸುನ್‌ಳ ಮನೆಯ ಹೊರಕೋಣೆಯಲ್ಲಿ ಉಳಿದಳು. ಅಜ್ಜಿಯರ ಮಾತು ಬರೆದುಕೊಳ್ಳುತ್ತೇನೆ ಎಂದಳು. ಮಲ್ಜಾ ಕೊಂಕು ತೆಗೆದಳು.

"ಯಾರ ಮೇಲೆ ಹಾಕ್ತೀಯಾ ಕೇಸು? ಬಿಸಿಲಿನ ಮೇಲಾ?"

"ಬಿಸಿಲು ಏರಿಸಿದೋರು ಇದ್ದಾರಲ್ಲ ಸಂಚುನ್. ಯಾವ ಯಾವ ಊರಿನ ಹೊಗೆಯೋ, ನಂಗೂ ಪೂರ್ತಿ ಗೊತ್ತಿಲ್ಲ. ಮೊದ್ಲು ಏನು ಹೋಯ್ತು ಅಂತ ಬರ್ಕೋಬೇಕು. ಇಲ್ದಿದ್ರೆ ಎಲ್ಲಾ ಸಾವಿಗೂ ವೃದ್ಧಾಪ್ಯ ಅಂತಾನೇ ಬರೀತಾರೆ."

ಮಲ್ಜಾ ಎದ್ದಳು. ಹೋಗುವಾಗ ಹೊರಕೋಣೆಯ ಒಲೆಗೆ ಸೌದೆ ಇದೆಯೇ ಎಂದು ಬಗ್ಗಿ ನೋಡಿ ಹೋದಳು.

ಅಜ್ಜಿಯರಿಗೆ ಇಸವಿ ನೆನಪಿರುವುದಿಲ್ಲ. ಹತ್ತು ವರ್ಷದ ಹಿಂದೆ ಹೇಗಿತ್ತು ಎಂದರೆ ನಗುತ್ತಾರೆ. ಆದರೆ ಮೈಗೆ ಎಲ್ಲ ನೆನಪಿತ್ತು. ಕಿರಿಯ ಮಗನ ಮದುವೆಯ ವರ್ಷ ಗಮ್ತೆ ಸೊಂಟ ಸವರುತ್ತಿತ್ತು. ದೊಡ್ಡ ಬಿರುಗಾಳಿಗೆ ಚಾವಣಿ ಹಾರಿದ ವರ್ಷ ತೊಡೆಯವರೆಗೆ. ಮೊಮ್ಮಗಳು ಹುಟ್ಟಿದಾಗ ಮೊಣಕಾಲು. ಗಂಡ ಸತ್ತ ವರ್ಷ ಪಾದಕ್ಕೆ ಕಚಗುಳಿಯಷ್ಟು. ಹೀಗೆ ಮದುವೆ ಸಾವುಗಳನ್ನು ಇಸವಿಗೆ ಹೊಂದಿಸಿ, ಸೊಂಟ ಮೊಣಕಾಲುಗಳನ್ನು ಅಳತೆ ಮಾಡಿ, ಯೊನ್ಹಾ ಒಂದು ದಪ್ಪ ಪುಸ್ತಕ ತುಂಬಿಸತೊಡಗಿದಳು. ಪ್ರತಿ ಹೇಳಿಕೆಯ ಕೊನೆಗೂ ಎರಡು ಸಾಲು. ಹೇಳಿದವರು: ಬೊಕ್ಹಿ. ಕೇಳಿಸಿಕೊಂಡವರು: ಬು ಯೊನ್ಹಾ. ಕೆಂಪು ಪೆನ್ಸಿಲನ್ನು ಅವಳು ಊರಿಗೆ ತಂದಿರಲೇ ಇಲ್ಲ. ಸೊಸೆಯ ದೂರು, ಮಂಡಿನೋವು, ಸತ್ತ ನಾಯಿಯ ವಿಚಾರ, ಹೇಳಿದ್ದನ್ನೆಲ್ಲ ಬರೆದಳು.

ಮೊದಲ ಹೇಳಿಕೆ ಒಕ್‌ಸುನ್‌ಳದೇ ಇರಬೇಕು ಎಂದು ಆಸೆ. ಸತ್ತವಳ ಮಾತು ಎಲ್ಲಿಂದ ತರುವುದು? ಕೇಸಿನಲ್ಲಿ ಕೊಟ್ಟ ಹೇಳಿಕೆ ಇದೆಯಲ್ಲ ಎಂದು ಹೊಳೆಯಿತು. ಪಟ್ಟಣಕ್ಕೆ ಹೋಗಿ ಕಚೇರಿಯ ಕಪಾಟಿನಿಂದ ಆ ಕಡತ ಇಳಿಸಿದಳು. ಮೇಲೆ ಕೋರ್ಟಿಗೆ ಕೊಟ್ಟ ಮೂರು ಪುಟದ ಚೊಕ್ಕ ಹೇಳಿಕೆ. ಅದರ ಅಡಿಯಲ್ಲಿ ಒಕ್‌ಸುನ್‌ಳ ಬಾಯಿಂದ ಬಂದದ್ದನ್ನು ಬಂದ ಹಾಗೇ ಬರೆದುಕೊಂಡಿದ್ದ ಹದಿನಾಲ್ಕು ಹಾಳೆ.

ಆರನೆಯ ಹಾಳೆಯಲ್ಲಿ ಅದಿತ್ತು. "ಅಜ್ಜಿಗಡಲಲ್ಲಿ ಈಗ ಏನೂ ಇಲ್ಲ ಮಗಳೇ. ಕಲ್ಲೆಲ್ಲ ಬೆಳ್ಳಗಾಗಿದೆ. ನನ್ನ ಕಣ್ಣು ಚೆನ್ನಾಗಿದೆ, ಸೂಜಿಗೆ ದಾರ ಈಗಲೂ ನಾನೇ ಪೋಣಿಸ್ತೀನಿ. ಅದನ್ನ ಅಲ್ಲಿ ಹೇಳು, ಯಾರಾದ್ರೂ ಬಂದು ನೋಡ್ಲಿ."

ಮೂರೂ ಸಾಲಿನ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಅವಳದೇ ಅಕ್ಷರ: ಬೇಡ, ಕೇಸಿಗೆ ಸಂಬಂಧವಿಲ್ಲ.

ಯೊನ್ಹಾ ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೆ ಓದಿದಳು. ಎಷ್ಟು ನೆನಪಿಸಿಕೊಂಡರೂ ಆ ಗೀಟು ಎಳೆದದ್ದು ನೆನಪಿಗೆ ಬರಲಿಲ್ಲ. ಬೇಕೆಂದೇ ಮರೆಮಾಚಿದ್ದರೆ ನೆನಪಿರುತ್ತಿತ್ತು. ಇದು ದಿನಾ ಎಳೆಯುವ ನೂರು ಗೀಟುಗಳಲ್ಲಿ ಒಂದು. ಹನ್ನೊಂದು ಮುದುಕಿಯರಲ್ಲಿ ಒಬ್ಬಳು ತನ್ನ ಕಣ್ಣನ್ನು ತಾನು ನಂಬಿದ್ದಳು, ನಾಚಿಕೆ ಬಿಟ್ಟು ಬಾಯಿಬಿಟ್ಟಿದ್ದಳು. ಹೇಳಿದ್ದು ಯೊನ್ಹಾಳಿಗೆ. ಅವಳು ಅದನ್ನು ಹೊಡೆದುಹಾಕಿ "ತುಂಬಿದ ಕಡಲು" ಎಂದು ಬರೆದಿದ್ದಳು. ಗೋಡೆಯ ಫೋಟೊದಲ್ಲಿ ಒಕ್‌ಸುನ್ ಇನ್ನೂ ಕೈ ಎತ್ತಿ ಹಿಡಿದು ನಗುತ್ತಿದ್ದಳು. ಯೊನ್ಹಾ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪೂಜೆಯ ದಿನ ತನಗೇಕೆ ಒಂದು ಮಾತೂ ಬರಲಿಲ್ಲವೆಂದು ಆಗ ಅರ್ಥವಾಯಿತು. ಹೇಳಬೇಕಾದ್ದನ್ನು ಆಕೆ ಬದುಕಿದ್ದಾಗಲೇ ಹೇಳಿ ಮುಗಿಸಿದ್ದಳು.

ಆ ಹಾಳೆಯನ್ನು ಅವಳು ಬೆಂಕಿಕಟ್ಟೆಗೆ ತಂದಳು. ಹೆಂಗಸರೆಲ್ಲ ಕಡಲಿಂದ ಬಂದು ಮೈ ಕಾಯಿಸುತ್ತಿದ್ದ ಹೊತ್ತು. ನಿಂತುಕೊಂಡೇ ಓದಿದಳು. ಮೂರು ಸಾಲನ್ನೂ ಓದಿದಳು, ಪಕ್ಕದ ತನ್ನ ಅಕ್ಷರವನ್ನೂ ಓದಿದಳು. ಓದಿ ಮುಗಿಸಿ ತಲೆ ತಗ್ಗಿಸಿ ನಿಂತಳು. ಯಾರೋ ಮೂಗೆಳೆದರು. ಬೊಕ್ಹಿ ತನ್ನ ಕಣ್ಣುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಬೈಗುಳಕ್ಕೆ ಯೊನ್ಹಾ ಸಿದ್ಧವಾಗಿದ್ದಳು. ಮಲ್ಜಾ ಬೆಂಕಿಗೆ ಒಂದು ಕೊಳ್ಳಿ ತಳ್ಳಿ ಹೇಳಿದಳು.

"ನಂದೂ ಬರ್ಕೋ. ಮೂವತ್ತೈದು ವರ್ಷ ಮೇಲೇ ದಾಟಿದೆ, ಒಂದು ಸಲಾನೂ ಕೆಳಗೆ ನೋಡ್ಲಿಲ್ಲ ಅಂತ ಬರ್ಕೋ. ಹೆಸರು ಹಾಕು."

ಯೊನ್ಹಾ ಅಲ್ಲೇ ಕೂತು ಬರೆದಳು. ಕೂತದ್ದು ಒಕ್‌ಸುನ್‌ಳ ಜಾಗದ ಪಕ್ಕ. ಆ ಜಾಗದಲ್ಲಿ ಅಲ್ಲ. ಮಲ್ಜಾಳದು ಮುಗಿದ ಮೇಲೆ ಪುಸ್ತಕದ ಮೊದಲ ಪುಟಕ್ಕೆ ತಿರುಗಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಆ ಮೂರು ಸಾಲನ್ನು ಒಂದಕ್ಷರವೂ ಬಿಡದೆ ಇಳಿಸಿದಳು. ಹೇಳಿದವರು ಎಂಬಲ್ಲಿ ಜ್ವಾ ಒಕ್‌ಸುನ್, ಎಂಬತ್ತಮೂರು ವರ್ಷ, ಕಣ್ಣು ಚೆನ್ನಾಗಿತ್ತು ಎಂದು ಬರೆದಳು.

ಕೆಳಗಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆ ಪುಸ್ತಕ ಈಗ ಎಲ್ಲೆಲ್ಲಿಗೋ ಹೋಗಿದೆ. ಓದಿದವರು ಓದಿದ್ದಾರೆ, ಸಭೆಗಳಲ್ಲಿ ಇಟ್ಟಿದ್ದಾರೆ. ಮೊದಲ ಪುಟದಲ್ಲಿ ಕೇಳಿಸಿಕೊಂಡವರು ಎಂಬುದರ ಮುಂದೆ ಮಾತ್ರ ಇವತ್ತಿಗೂ ಹೆಸರಿಲ್ಲ.